ಹಸುಳೆಯ ಪರವಾಗಿ ಆರಿಸುವ ಹೊಣೆ

ಜಾತ್ರೆಗಳ ಸಡಗರ ಮುಗಿದು ಬೇಸಗೆ ಅಡಿಯಿಡುತ್ತಿದ್ದಂತೆಯೇ ಶ್ರೀಮಠಕ್ಕೆ ಬರುವ ಸದ್ಭಕ್ತರ ಬಿನ್ನಹಗಳ ಸ್ವರೂಪ ಬದಲಾಗುತ್ತದೆ. ಮಳೆ-ಬೆಳೆ, ಮದುವೆ, ಗೃಹಪ್ರವೇಶಗಳ ಮಾತು ಹಿಂದೆ ಸರಿದು ಮಕ್ಕಳ ಶಾಲೆಯ ಮಾತು ಮುಂದೆ ಬರುತ್ತದೆ. ಹಿಂದೆ ಇಂತಹ ಬಿನ್ನಹಗಳು ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳನ್ನು ಕುರಿತವಾಗಿರುತ್ತಿದ್ದವು. ಈಗ ಅವು ಮೂರು ವರ್ಷದ ಹಸುಳೆಗಳವರೆಗೆ ಇಳಿದುಬಂದಿವೆ.

ಕಳೆದ ಬೇಸಗೆಯ ಒಂದು ಸಾಯಂಕಾಲ ಯುವ ದಂಪತಿಗಳು ಮಗುವಿನೊಡನೆ ಬಂದು ಕುಳಿತರು. ತಂದೆ ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವನು. ತಾಯಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿರುವವಳು. “ಬುದ್ಧೀ, ಮನೆಯ ಹಿಂದಿನ ಬೀದಿಯಲ್ಲಿಯೇ ಅಂಗನವಾಡಿ ಇದೆ. ಪೇಟೆಯ ಕಾನ್ವೆಂಟಿನಲ್ಲಿ ಎಲ್.ಕೆ.ಜಿ. ಇದೆ, ವ್ಯಾನು ಬಾಗಿಲಿಗೇ ಬರುತ್ತದೆ. ಹೊಸ ಬಡಾವಣೆಯಲ್ಲಿ ಮಾಂಟೆಸ್ಸರಿ ಶಾಲೆಯೊಂದನ್ನು ತೆರೆದಿದ್ದಾರೆ. ಮೂರು ತಿಂಗಳಿಂದ ನಾವಿಬ್ಬರೂ ಇದೇ ವಿಷಯಕ್ಕೆ ವಾದ ಮಾಡುತ್ತಿದ್ದೇವೆ. ತಾವು ಯಾವುದನ್ನು ಅಪ್ಪಣೆ ಕೊಡಿಸಿದರೆ ಅದಕ್ಕೇ ಸೇರಿಸುತ್ತೇವೆ” ಎಂದನು ತಂದೆ. ಮಗು ಅಷ್ಟು ಹೊತ್ತೂ ಕಂಬದ ಬುಡದಲ್ಲಿ ಕುಳಿತು ಇರುವೆಯ ಸಾಲನ್ನು ನೋಡುತ್ತಿತ್ತು. ಮಾತು ನಡೆಯುತ್ತಿರುವುದು ತನ್ನನ್ನು ಕುರಿತೇ ಎಂಬುದು ಅದಕ್ಕೆ ತಿಳಿಯದು.

ನಾವು ಆ ಕ್ಷಣದಲ್ಲಿ ಉತ್ತರ ಹೇಳಲಿಲ್ಲ. ಮೇಲುನೋಟಕ್ಕೆ ಇದು ದೂರ, ಶುಲ್ಕ, ಸೌಕರ್ಯಗಳ ಲೆಕ್ಕಾಚಾರದ ಪ್ರಶ್ನೆ. ವಿಚಾರಿಸಿ ನೋಡಿದರೆ ಇದೊಂದು ನೈತಿಕ ಪ್ರಶ್ನೆ. ಮನುಷ್ಯನು ತನಗಾಗಿ ಆರಿಸಿಕೊಂಡದ್ದು ತಪ್ಪಾದರೆ ಅದರ ಫಲವನ್ನು ತಾನೇ ಉಣ್ಣುತ್ತಾನೆ. ಇಲ್ಲಿಯಾದರೋ ಆರಿಸುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಉಣ್ಣುವವರಿಗೆ ಬೇಡವೆನ್ನುವ ಶಕ್ತಿಯೂ ಇಲ್ಲ, ಏಕೆ ಬೇಡವೆಂದು ವಿವರಿಸುವ ಮಾತೂ ಇಲ್ಲ. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ಜರ್ಮನ್ ದಾರ್ಶನಿಕ ಇಮ್ಯಾನ್ಯುಯಲ್ ಕಾಂಟನು ೧೭೮೫ರಲ್ಲಿ ಪ್ರತಿಪಾದಿಸಿದ ಒಂದು ವಿಚಾರ ನಮ್ಮ ಮನಸ್ಸಿನಲ್ಲಿ ನಿಂತಿತು. ಮನುಷ್ಯನನ್ನು ಎಂದಿಗೂ ಬರಿಯ ಸಾಧನವನ್ನಾಗಿ ಬಳಸಕೂಡದು, ಅವನೇ ಸಾಧ್ಯವೆಂದು ಭಾವಿಸಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಹಿರಿಯರು ಇದನ್ನೇ ಇನ್ನೊಂದು ಬಗೆಯಲ್ಲಿ ತಿಳಿದಿದ್ದರು. ಪರರು ನಂಬಿ ಇಟ್ಟುಹೋದ ಗಂಟಿಗೆ ನ್ಯಾಸವೆಂದು ಹೆಸರು. ಅದನ್ನು ಕಾಯಬಹುದೇ ಹೊರತು ತನ್ನ ಇಚ್ಛೆಗೆ ಖರ್ಚು ಮಾಡುವಂತಿಲ್ಲ. ಮಗುವೂ ತಾಯಿತಂದೆಗಳ ಕೈಯಲ್ಲಿರುವ ನ್ಯಾಸವೇ, ಸ್ವತ್ತಲ್ಲ.

ಈ ದೃಷ್ಟಿಯಿಂದ ಆ ದಂಪತಿಗಳ ಮುಂದಿದ್ದ ಮೂರು ಬಾಗಿಲುಗಳನ್ನೂ ನೋಡೋಣ. ಮೂರಕ್ಕೂ ಒಂದೊಂದು ಚರಿತ್ರೆಯಿದೆ. ಅದನ್ನು ತಿಳಿದರೆ ಫಲಕದ ಮೇಲಿನ ಹೆಸರಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ.

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಅಕ್ಷರಗಳಲ್ಲಿ ಅಡಗಿರುವ ಪದ ಕಿಂಡರ್‌ಗಾರ್ಟನ್. ಫ್ರೆಡ್ರಿಕ್ ಫ್ರೋಬೆಲನು ೧೮೩೭ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ತೆರೆದ ಸಂಸ್ಥೆಗೆ ೧೮೪೦ರಲ್ಲಿ ಈ ಹೆಸರನ್ನಿಟ್ಟನು. ಮಕ್ಕಳ ತೋಟವೆಂಬುದು ಇದರ ಅರ್ಥ. ಚೆಂಡು, ಮರದ ತುಂಡು, ಹಾಡು, ಆಟ, ಕೈತೋಟ ಇವೇ ಅಲ್ಲಿಯ ಪಠ್ಯ. ಆ ಹೆಸರನ್ನು ಹೊತ್ತ ನಮ್ಮ ಎಷ್ಟೋ ತರಗತಿಗಳಲ್ಲಿ ಇಂದು ಮೂರೂವರೆ ವರ್ಷದ ಮಗು ಬೆಂಚಿನ ಮೇಲೆ ಕುಳಿತು ನಾಲ್ಕು ಗೆರೆಯ ಪುಸ್ತಕವನ್ನು ತುಂಬಿಸುತ್ತದೆ. ತೋಟದ ಹೆಸರು ಉಳಿದಿದೆ, ತೋಟ ಉಳಿದಿಲ್ಲ.

ಮಾಂಟೆಸ್ಸರಿ ಪದ್ಧತಿಯ ಕಥೆ ಇನ್ನೂ ವಿಚಿತ್ರ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿ ೧೯೦೭ರ ಜನವರಿ ೬ರಂದು ತಮ್ಮ ಮೊದಲ ಶಿಶುಮಂದಿರವನ್ನು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಾಯಿತಂದೆಗಳು ದುಡಿಯಲು ಹೋದಾಗ ನೋಡಿಕೊಳ್ಳುವವರಿಲ್ಲದ ಮಕ್ಕಳೇ ಅಲ್ಲಿಯ ಮೊದಲ ವಿದ್ಯಾರ್ಥಿಗಳು. ನೀರು ಬಗ್ಗಿಸುವುದು, ಗುಂಡಿ ಹಾಕಿಕೊಳ್ಳುವುದು, ಮಣಿಗಳನ್ನು ಎಣಿಸುವುದು, ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವುದು ಇಂತಹ ಕೆಲಸಗಳಲ್ಲಿ ಮಗು ತನ್ನ ಪಾಡಿಗೆ ತಾನು ತೊಡಗುವುದು ಆ ಪದ್ಧತಿಯ ತಿರುಳು. ಆಕೆ ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣದಿಂದ ಇಟಲಿಯ ಪ್ರಜೆಯಾಗಿ ನಿರ್ಬಂಧಕ್ಕೆ ಒಳಗಾದರೂ ೧೯೪೬ರವರೆಗೆ ಇಲ್ಲಿಯೇ ನಿಂತು ನೂರಾರು ಶಿಕ್ಷಕರನ್ನು ಅಣಿಗೊಳಿಸಿದರು. ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿದ ಆ ಪದ್ಧತಿ ಇಂದು ನಮ್ಮ ನಗರಗಳಲ್ಲಿ ಹೆಚ್ಚಾಗಿ ಉಳ್ಳವರ ಮಕ್ಕಳಿಗೆ ದೊರೆಯುತ್ತಿದೆ. ಅಷ್ಟೇ ಅಲ್ಲ, ಫಲಕದ ಮೇಲೆ ಮಾಂಟೆಸ್ಸರಿ ಎಂದು ಬರೆದಿರುವ ಎಲ್ಲೆಡೆಯೂ ಒಳಗೆ ಆ ಪದ್ಧತಿಯೇ ಇರುತ್ತದೆಂದು ನಂಬುವಂತಿಲ್ಲ.

ಇನ್ನು ಅಂಗನವಾಡಿ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಕ್ಕಳ ಮೇಲಿನ ಅವರ ಅಕ್ಕರೆಗೆ ಮನಸೋತ ಜನ ಅವರನ್ನು ಮೀಸೆಯ ತಾಯಿಯೆಂದು ಕರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ೧೯೪೫ರಲ್ಲಿ ಮಹಾರಾಷ್ಟ್ರದ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿಯೆಂಬ ಮಾತಿನಲ್ಲಿರುವುದು ಆ ಅಂಗಳವೇ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ ೬೫ ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಲ್ಲಿಯ ಕಾರ್ಯಕರ್ತೆ ಆಟಪಾಠವನ್ನಷ್ಟೇ ನೋಡಿಕೊಂಡರೆ ಸಾಲದು. ಪೌಷ್ಟಿಕ ಆಹಾರ, ಮಕ್ಕಳ ತೂಕ, ಚುಚ್ಚುಮದ್ದು, ಗರ್ಭಿಣಿ-ಬಾಣಂತಿಯರ ಯೋಗಕ್ಷೇಮ ಎಲ್ಲಕ್ಕೂ ಆಕೆಯೇ ಹೊಣೆ. ಮಗುವಿಗೆ ಕಥೆ ಹೇಳಬೇಕಾದ ಹೊತ್ತು ಎಷ್ಟೋ ಸಲ ದಾಖಲೆ ತುಂಬುವುದರಲ್ಲಿ ಕಳೆಯುತ್ತದೆ. ಇದು ಆಕೆಯ ದೋಷವಲ್ಲ. ಆಕೆಯ ಮೇಲೆ ಹೊರಿಸಿದ ಭಾರದ ದೋಷ.

ಮೂರೂ ಪದ್ಧತಿಗಳು ಮಕ್ಕಳ ಮೇಲಿನ ಕರುಣೆಯಿಂದಲೇ ಹುಟ್ಟಿದವು. ಆದುದರಿಂದ ಯಾವ ಹೆಸರು ಮೇಲು, ಯಾವ ಹೆಸರು ಕೀಳು ಎಂಬ ಚರ್ಚೆ ನಮ್ಮನ್ನು ಬಹು ದೂರ ಒಯ್ಯಲಾರದು. ಆ ಹೆಸರಿನ ಒಳಗೆ ಮಗುವಿನ ದಿನ ಹೇಗೆ ಕಳೆಯುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನಲ್ಲಿ ೧೯೬೭ರಲ್ಲಿ ಬಡ ಕುಟುಂಬಗಳ ೬೮ ಮಕ್ಕಳನ್ನು ಮೂರು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಅಕ್ಷರ-ಅಂಕಿಗಳ ನೇರ ಪಾಠವನ್ನೂ ಉಳಿದೆರಡಕ್ಕೆ ಮಕ್ಕಳ ಆಟ ಹಾಗೂ ಸ್ವಂತ ಚಟುವಟಿಕೆಗೆ ಎಡೆಯಿರುವ ಶಿಕ್ಷಣವನ್ನೂ ಕೊಟ್ಟರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೂರು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿಯೇ ಮುಂದುವರಿದವು. ಆದರೆ ಅವರು ೨೩ ವರ್ಷದವರಾದಾಗ ಗಮನಿಸಿದರೆ, ನೇರ ಪಾಠದ ಗುಂಪಿನಲ್ಲಿ ಅಪರಾಧಕ್ಕಾಗಿ ಬಂಧನಕ್ಕೊಳಗಾದವರೂ ಭಾವನಾತ್ಮಕ ತೊಂದರೆಗೆ ಚಿಕಿತ್ಸೆ ಪಡೆದವರೂ ಹೆಚ್ಚಾಗಿದ್ದರು. ಆ ಪದ್ಧತಿಗಳಲ್ಲೊಂದನ್ನು ರೂಪಿಸಿದವರೇ ಈ ಅಧ್ಯಯನವನ್ನೂ ನಡೆಸಿದರು. ಮಕ್ಕಳ ಸಂಖ್ಯೆಯೂ ಚಿಕ್ಕದು. ಇದನ್ನು ಒಪ್ಪದ ವಿದ್ವಾಂಸರೂ ಉಂಟು. ಅದೇ ದೇಶದ ಟೆನೆಸ್ಸೀ ರಾಜ್ಯದಲ್ಲಿ ೨,೯೯೦ ಮಕ್ಕಳನ್ನು ಆರನೆಯ ತರಗತಿಯವರೆಗೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದು ೨೦೨೨ರಲ್ಲಿ ಪ್ರಕಟವಾಯಿತು. ಸರ್ಕಾರದ ಪೂರ್ವಪ್ರಾಥಮಿಕ ತರಗತಿಗೆ ಸೀಟು ದೊರೆತ ಮಕ್ಕಳು, ದೊರೆಯದ ಮಕ್ಕಳಿಗಿಂತ ಓದಿನಲ್ಲಿಯೂ ನಡತೆಯಲ್ಲಿಯೂ ಹಿಂದುಳಿದಿದ್ದರೆಂದು ಅದು ತಿಳಿಸಿತು. ಇನ್ನೊಂದು ಕಡೆ, ಅದೇ ಇಪ್ಸಿಲ್ಯಾಂಟಿಯಲ್ಲಿ ೧೯೬೨ರಲ್ಲಿ ಪ್ರಾರಂಭವಾದ ಪೆರ್ರಿ ಶಿಶುಶಾಲೆಯ ಪ್ರಯೋಗದಲ್ಲಿ ಶಿಕ್ಷಕಿಯರು ವಾರಕ್ಕೊಮ್ಮೆ ಪ್ರತಿಯೊಂದು ಮಗುವಿನ ಮನೆಗೂ ಹೋಗಿ ತಾಯಿಯೊಡನೆ ಕುಳಿತು ಬರುತ್ತಿದ್ದರು. ಅದರ ಸತ್ಫಲ ಆ ಮಕ್ಕಳ ನಲವತ್ತನೆಯ ವಯಸ್ಸಿನವರೆಗೂ ಕಂಡುಬಂದಿತು. ದೂರದ ದೇಶದ ಈ ನಿದರ್ಶನಗಳನ್ನು ನಮ್ಮ ನಾಡಿಗೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ಬೇಗ ಸೇರಿಸುವುದೇ ಒಳ್ಳೆಯದು, ಬೇಗ ಬರೆಯಿಸುವುದೇ ಮುಂದುವರಿಕೆ ಎಂಬ ನಮ್ಮ ನಂಬಿಕೆಗೆ ಭದ್ರವಾದ ಬುನಾದಿಯಿಲ್ಲವೆಂಬ ಎಚ್ಚರಿಕೆಯಷ್ಟನ್ನೇ ಇವುಗಳಿಂದ ಪಡೆದರೂ ಸಾಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ಹಲವರು ಹೇಳುವುದುಂಟು. ಗಾದೆ ಸುಳ್ಳಲ್ಲ. ಆದರೆ ಸಸಿಯನ್ನು ನೆಟ್ಟಗೆ ನಿಲ್ಲಿಸಲು ಊರುಗೋಲು ಕೊಡುವುದು ಬೇರೆ, ಬೇಗ ಬೆಳೆಯಲಿ ಎಂದು ಚಿಗುರನ್ನು ಹಿಡಿದು ಎಳೆಯುವುದು ಬೇರೆ.

ಹಾಗಾದರೆ ವಿವೇಕಿಗಳಾದ ತಾಯಿತಂದೆಗಳೂ ಏಕೆ ಎಳೆಯುತ್ತಾರೆ? ಮೊದಲನೆಯ ಕಾರಣ ಪ್ರತಿಷ್ಠೆ. ನೆರೆಮನೆಯ ಮಗು ಬೂಟು-ಟೈ ತೊಟ್ಟು ವ್ಯಾನು ಹತ್ತುವಾಗ ನಮ್ಮ ಮಗು ಅಂಗನವಾಡಿಗೆ ನಡೆದುಹೋಗುವುದು ಹಲವರಿಗೆ ಅವಮಾನವೆನಿಸುತ್ತದೆ. ಆ ಅವಮಾನ ಮಗುವಿನದಲ್ಲ, ಹಿರಿಯರದು. ಹಿರಿಯರ ಅವಮಾನವನ್ನು ತೊಡೆಯಲು ಮಗುವನ್ನು ಬಳಸಿದರೆ ಅದು ಸಾಧನವಾಗಲಿಲ್ಲವೆ? ಎರಡನೆಯ ಕಾರಣ ಭಯ. ಇದನ್ನು ನಾವು ಹಗುರಾಗಿ ಕಾಣಲಾರೆವು. ಇಂಗ್ಲಿಷ್ ಬಾರದೆ ಕಚೇರಿಯ ಕಟ್ಟೆಯ ಮುಂದೆ ಕೈಕಟ್ಟಿ ನಿಂತ ರೈತನು, ನನ್ನ ಮಗನಿಗೆ ಈ ಸ್ಥಿತಿ ಬಾರದಿರಲಿ ಎಂದು ಸಾಲ ಮಾಡಿ ಶುಲ್ಕ ಕಟ್ಟಿದರೆ ಅವನನ್ನು ಜರೆಯುವ ಅಧಿಕಾರ ಯಾರಿಗಿದೆ? ಇಂಗ್ಲಿಷ್ ಬೇಕು, ಕಲಿಯಲಿ. ಆದರೆ ಮೂರರ ವಯಸ್ಸಿನಲ್ಲಿ ಮಗುವಿಗೆ ಮನೆಮಾತು ಬರಿಯ ಒಂದು ಪಠ್ಯವಿಷಯವಲ್ಲ; ಹಸಿವನ್ನು ಹೇಳುವ, ಹೆದರಿಕೆಯನ್ನು ತೋಡಿಕೊಳ್ಳುವ, ಜಗತ್ತನ್ನು ಪ್ರಶ್ನಿಸುವ ಏಕೈಕ ದಾರಿ. ೨೦೨೨ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿನ ಕಲಿಕೆ ಮಗುವಿನ ಮನೆಮಾತಿನಲ್ಲಿಯೇ ನಡೆಯಲೆಂದು ಹೇಳಿದೆ.

ಆರಿಸುವ ಹಕ್ಕು ನಮ್ಮದಲ್ಲವೆ ಎಂದು ಕೇಳಬಹುದು. ಹೌದು. ೨೦೧೪ರ ಮೇ ೬ರಂದು ಕರ್ನಾಟಕದ ಭಾಷಾಮಾಧ್ಯಮದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲವೆಂದೂ ಮಗುವಿನ ಪರವಾಗಿ ತಾಯಿತಂದೆಗಳೇ ಮಾಧ್ಯಮವನ್ನು ಆರಿಸಬಹುದೆಂದೂ ತೀರ್ಪಿತ್ತಿತು. ಆದರೆ ಹಕ್ಕು ದೊರೆತೊಡನೆ ಧರ್ಮ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ. ನ್ಯಾಯಾಲಯ ಕೊಟ್ಟದ್ದು ಮಗುವಿನ ಪರವಾಗಿ ಆರಿಸುವ ಹಕ್ಕನ್ನು. ಪರವಾಗಿ ಎಂಬ ಆ ಒಂದು ಪದವನ್ನು ಮರೆತರೆ ಹಕ್ಕು ಅಹಂಕಾರವಾಗುತ್ತದೆ.

ಈ ಮಾತನ್ನು ಬರೆಯುವಾಗ ನಮ್ಮದೊಂದು ತಪ್ಪನ್ನೂ ವಾಚಕರ ಮುಂದಿಡಬೇಕು. ಕೆಲವು ವರ್ಷಗಳ ಹಿಂದೆ ಹಿರಿಯ ಭಕ್ತರೊಬ್ಬರು ತಮ್ಮ ಮೂರೂವರೆ ವರ್ಷದ ಮೊಮ್ಮಗನಿಗೆ ನಗರದ ಹೆಸರಾಂತ ಶಾಲೆಯೊಂದರಲ್ಲಿ ಎಲ್.ಕೆ.ಜಿ. ಸೀಟು ಬೇಕೆಂದು ಶಿಫಾರಸು ಪತ್ರವನ್ನು ಬೇಡಿದರು. ಆ ಶಾಲೆ ಮಗುವನ್ನೂ ತಾಯಿತಂದೆಗಳನ್ನೂ ಕೂರಿಸಿ ಸಂದರ್ಶನ ಮಾಡಿತ್ತು, ಸೀಟು ಸಿಕ್ಕಿರಲಿಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ, ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಪ್ರವೇಶದ ವೇಳೆ ಇಂತಹ ಪರೀಕ್ಷೆಯನ್ನು ನಿಷೇಧಿಸಿದೆ. ಆರರ ಮಗುವಿಗೆ ತಕ್ಕುದಲ್ಲದ್ದು ಮೂರರ ಮಗುವಿಗೆ ತಕ್ಕುದಾದೀತೆ? ಈ ಪ್ರಶ್ನೆಯನ್ನು ಅಂದು ನಾವು ಕೇಳಲಿಲ್ಲ. ಆಡಳಿತ ಮಂಡಳಿಯವರು ಪರಿಚಿತರು. ಭಕ್ತರ ಮನಸ್ಸನ್ನು ನೋಯಿಸಬಾರದೆಂದು ಎರಡು ಸಾಲು ಬರೆದುಕೊಟ್ಟೆವು. ಸೀಟು ಸಿಕ್ಕಿತು.

ಆರು ತಿಂಗಳ ಮೇಲೆ ಆ ಮಗುವಿನ ಅಜ್ಜಿ ಬಂದರು. ಮಗು ಬೆಳಗ್ಗೆ ಏಳಕ್ಕೆ ವ್ಯಾನು ಹತ್ತುತ್ತದೆ, ಅಲ್ಲಿ ಕನ್ನಡವಾಡುವಂತಿಲ್ಲ, ಮನೆಯಲ್ಲಿಯೂ ಈಗ ಮಾತು ನಿಂತಿದೆ ಎಂದರು. “ತಮ್ಮ ಕಾಗದದಿಂದ ಸೀಟು ಸಿಕ್ಕಿತು, ಬುದ್ಧೀ. ಆದರೆ ಒಂದಕ್ಕೆ ಹೋಗಬೇಕು ಅಂತ ಕೇಳೋಕೆ ಮಗೂಗೆ ಅವರ ಮಾತು ಬರಲಿಲ್ಲ. ದಿನಾ ಚಡ್ಡಿ ಒದ್ದೆ ಮಾಡಿಕೊಂಡೇ ಬರ್ತಾನೆ” ಎಂದು ಕಣ್ಣೊರೆಸಿಕೊಂಡರು. ಆ ಮಗುವನ್ನು ಬಿಡಿಸಿ ಊರಿನ ಅಂಗನವಾಡಿಗೆ ಕಳುಹಿಸಿದರು. ಕಟ್ಟಡ ಚಿಕ್ಕದು, ಆಟಿಕೆಗಳು ಹಳೆಯವು. ಆದರೆ ಕಾರ್ಯಕರ್ತೆ ಅವನ ಮಾತನ್ನು ಬಲ್ಲವಳು. ದೀಪಾವಳಿಯ ಹೊತ್ತಿಗೆ ಅವನು ಮತ್ತೆ ಮಾತನಾಡತೊಡಗಿದನೆಂದು ತಿಳಿದು ನಮಗೆ ನೆಮ್ಮದಿಯಾಯಿತು. ನೆಮ್ಮದಿಯ ಜೊತೆಗೇ ಇನ್ನೊಂದು ವಿಚಾರವೂ ಕಾಡಿತು. ನಮ್ಮ ಪತ್ರದಿಂದ ಇವನಿಗೆ ಸೀಟು ದೊರೆತಾಗ, ಪತ್ರವನ್ನು ಬರೆಯಿಸಿಕೊಳ್ಳಲು ಯಾರೂ ಇಲ್ಲದ ಮತ್ತಾವುದೋ ಮಗುವಿಗೆ ಅದು ತಪ್ಪಿರಬೇಕು. ಒಂದೇ ಪತ್ರದಿಂದ ಇಬ್ಬರು ಹಸುಳೆಗಳಿಗೆ ಅನ್ಯಾಯವಾಯಿತು. ಅಂದಿನಿಂದ ಹಸುಳೆಗಳ ಪ್ರವೇಶಕ್ಕೆ ನಾವು ಪತ್ರ ಬರೆದಿಲ್ಲ.

ಆ ಎರಡನೆಯ ಮಗುವನ್ನು ಮರೆತು ಈ ಪ್ರಶ್ನೆಯನ್ನು ಮುಗಿಸುವಂತಿಲ್ಲ. ಆರಿಸುವ ಕಷ್ಟ ಇರುವುದು ಆರಿಸಲು ಶಕ್ತಿಯಿರುವವರಿಗೆ ಮಾತ್ರ. ಬೆಳಗ್ಗೆ ಕೂಲಿಗೆ ಹೊರಡುವ ತಾಯಿಗೆ ಅಂಗನವಾಡಿಯೊಂದೇ ಬಾಗಿಲು. ಅಲ್ಲಿಯ ಬಿಸಿ ಊಟ ಅವಳ ಮಗುವಿಗೆ ಪಾಠಕ್ಕಿಂತ ಮೊದಲು ಬೇಕಾದದ್ದು. ೨೦೦೨ರ ಎಂಬತ್ತಾರನೆಯ ತಿದ್ದುಪಡಿಯ ಮೇಲೆ ಸಂವಿಧಾನದ ೪೫ನೆಯ ವಿಧಿ, ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಸರ್ಕಾರ ಶ್ರಮಿಸಬೇಕೆಂದು ಹೇಳುತ್ತದೆ. ಇದು ನಿರ್ದೇಶಕ ತತ್ತ್ವ. ಆರರಿಂದ ಹದಿನಾಲ್ಕರವರೆಗೆ ಇರುವಂತಹ ಮೂಲಭೂತ ಹಕ್ಕಲ್ಲ. ಇಂತಹ ಕಡೆ ಜನರ ಕಣ್ಣು ಎಚ್ಚರವಾಗಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಊರಿನಲ್ಲಿ ಓದುಬರಹ ಬಲ್ಲವರೆಲ್ಲರೂ ತಮ್ಮ ಮಕ್ಕಳನ್ನು ವ್ಯಾನು ಹತ್ತಿಸಿದ ಮೇಲೆ, ಅಂಗನವಾಡಿಯ ಸೂರು ಸೋರುತ್ತಿದೆಯೆ, ನೀರು ಶುದ್ಧವೆ, ಬೇಳೆಕಾಳು ಸಕಾಲಕ್ಕೆ ಬಂದಿತೆ ಎಂದು ಕೇಳುವವರು ಯಾರು? ಆದುದರಿಂದ ತಮ್ಮ ಮಗುವನ್ನು ಬೇರೆಡೆಗೆ ಕಳುಹಿಸುವವರಿಗೂ ಆ ಅಂಗಳದ ಋಣ ತೀರುವುದಿಲ್ಲ. ಅಂಗನವಾಡಿಗಳಿಗೆ ಬಾಲವಿಕಾಸ ಸಮಿತಿಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಒಂದು ಗಳಿಗೆ ಕುಳಿತು, ಕಾರ್ಯಕರ್ತೆಯ ಕಷ್ಟವನ್ನು ವಿಚಾರಿಸಿ ಬಂದರೆ ಅದೂ ಒಂದು ದಾಸೋಹವೇ.

ಇನ್ನು ಆ ದಂಪತಿಗಳಿಗೆ ನಾವು ಹೇಳಿದ್ದೇನು? ಯಾವ ಶಾಲೆಯ ಹೆಸರನ್ನೂ ಹೇಳಲಿಲ್ಲ. “ಮೂರು ಕಡೆಗೂ ಒಂದೊಂದು ಬೆಳಗ್ಗೆ ಹೋಗಿ ಕುಳಿತು ಬನ್ನಿ. ಕಟ್ಟಡವನ್ನು ಕೊನೆಗೆ ನೋಡಿ; ಮೊದಲು ಅಳುತ್ತಿರುವ ಮಗುವನ್ನು ನೋಡಿ. ಅದರ ಬಳಿಗೆ ಯಾರು ಹೋಗುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ, ಯಾವ ಮಾತಿನಲ್ಲಿ ಸಮಾಧಾನ ಹೇಳುತ್ತಾರೆ ಎಂಬುದನ್ನು ಗಮನಿಸಿ. ಮಕ್ಕಳ ಕೈಗೆ ಮಣ್ಣು, ನೀರು, ಬಣ್ಣ ಸಿಗುತ್ತದೆಯೋ ಬರಿಯ ಪೆನ್ಸಿಲು ಸಿಗುತ್ತದೆಯೋ ನೋಡಿ. ಆಯಾಳನ್ನು ಮಕ್ಕಳು ಹೇಗೆ ಕರೆಯುತ್ತಾರೆ, ಆಯಾಳನ್ನು ಶಿಕ್ಷಕಿ ಹೇಗೆ ಕರೆಯುತ್ತಾಳೆ, ಅದನ್ನೂ ಕೇಳಿಸಿಕೊಳ್ಳಿ. ಮಗು ಹೋಗಿಬರಲು ಎಷ್ಟು ಹೊತ್ತು, ನಿದ್ದೆಗೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿ. ಮುಂದೆ ಇವಳು ಏನಾಗುತ್ತಾಳೆ ಎಂದು ಕೇಳಬೇಡಿ, ಅದನ್ನು ಯಾರೂ ಹೇಳಲಾರರು. ಈ ದಿನ ಇವಳು ಇಲ್ಲಿ ಹೇಗಿರುತ್ತಾಳೆ ಎಂದು ಕೇಳಿ. ಅದು ಕಣ್ಣಿಗೆ ಕಾಣುತ್ತದೆ” ಎಂದೆವು.

ಹದಿನೈದು ದಿನಗಳ ತರುವಾಯ ಅವರು ಮತ್ತೆ ಬಂದರು. ಹಿಂದಿನ ಬೀದಿಯ ಅಂಗನವಾಡಿಯನ್ನೇ ಆರಿಸಿದ್ದರು. ಅಲ್ಲಿ ಕೊರತೆಗಳಿಲ್ಲವೆಂದಲ್ಲ. ಬೆಳಗಿನಲ್ಲಿ ಬಹು ಹೊತ್ತು ಕಾರ್ಯಕರ್ತೆ ದಾಖಲೆಯಲ್ಲಿಯೇ ಮುಳುಗಿದ್ದಳಂತೆ. ತಾಯಿ ಒಂದು ಮಾತು ಹೇಳಿದಳು: “ಶನಿವಾರ ಬಿಡುವಿದ್ದಾಗ ಹೋಗಿ ಮಕ್ಕಳಿಗೆ ಕಥೆ ಹೇಳಿ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ, ಬುದ್ಧೀ.” ಅವರು ಮಾಂಟೆಸ್ಸರಿಯನ್ನೋ ಕಾನ್ವೆಂಟನ್ನೋ ಆರಿಸಿದ್ದರೂ, ಹೀಗೆಯೇ ಕುಳಿತು ನೋಡಿ ಆರಿಸಿದ್ದರೆ, ಅದು ತಪ್ಪೆಂದು ನಾವು ಹೇಳುತ್ತಿರಲಿಲ್ಲ. ಮಗುವಿನ ಇಂದಿನ ದಿನವನ್ನು ನಾಳೆಯ ಪ್ರತಿಷ್ಠೆಗೆ ಒತ್ತೆಯಿಡದೆ, ತಮ್ಮ ಮಗುವಿನ ಜೊತೆಗೆ ನೆರೆಯ ಮಗುವನ್ನೂ ನೆನೆದು ಆರಿಸುವವರು ಎಲ್ಲಿ ಸೇರಿಸಿದರೂ ಇಟ್ಟ ಗಂಟನ್ನು ಕಾಯ್ದವರೇ ಆಗುತ್ತಾರೆ. ಅಂತಹ ವಿವೇಕ ಎಲ್ಲ ತಾಯಿತಂದೆಗಳಿಗೂ ಒದಗಲಿ. ನಾಡಿನ ಹಸುಳೆಗಳೆಲ್ಲರಿಗೂ ಸನ್ಮಂಗಲವಾಗಲಿ.